ಕಿತ್ತದ್ದಾ, ಉದುರಿದ್ದಾ

ಏಪ್ರಿಲ್ ತಿಂಗಳಲ್ಲಿ ಮೂಡುಬಿದಿರೆಯ ಪೇಟೆಯಲ್ಲಿ ಚಳಿಯ ಜಾಕೆಟ್ ಕೇಳಿದರೆ ಅಂಗಡಿಯವರು ಮೊದಲು ಮುಖ ನೋಡುತ್ತಾರೆ, ಆಮೇಲೆ ಜ್ವರ ಉಂಟಾ ಎಂದು ಕೇಳುತ್ತಾರೆ. ಒಬ್ಬರು ನನಗೆ ರೈನ್‌ಕೋಟ್ ತೋರಿಸಿದರು. ಇನ್ನೊಬ್ಬರು ಒಳಗಿನ ಕಪಾಟಿನಿಂದ ಹಸುಗೂಸಿನ ಉಣ್ಣೆಯ ಟೋಪಿ ತಂದು, ಸದ್ಯಕ್ಕೆ ಚಳಿಯದ್ದು ಅಂತ ಇರುವುದು ಇದೊಂದೇ ಎಂದರು. ಮೂರನೆಯ ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ಅವನು ಏನನ್ನೂ ತೋರಿಸಲಿಲ್ಲ. ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿ, ನೀರು ಕೊಟ್ಟು, ಮನೆಗೆ ಆಟೋ ಮಾಡಿಸಿಕೊಟ್ಟ.

ನನಗಾಗ ನಲವತ್ತೊಂಬತ್ತು ವರ್ಷ. ಮಿಜಾರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತದ ಶಿಕ್ಷಕಿ, ಮದುವೆಯಾಗಿಲ್ಲ, ಅಮ್ಮನ ಜೊತೆ ಇದ್ದೇನೆ, ಬೆಟ್ಟ ಹತ್ತುತ್ತೇನೆ. ಬೆಟ್ಟದ ವಿಷಯ ಕೇಳಿದವರು ಮದುವೆಯಾಗದ್ದನ್ನು ಅದಕ್ಕೆ ಕಾರಣವಾಗಿ ಜೋಡಿಸಿಕೊಳ್ಳುತ್ತಾರೆ. ನಿಜವಾದ ಕಾರಣ ಶಾಲೆಯ ಪ್ರವಾಸ. ಒಂದು ಸಲ ಮಕ್ಕಳನ್ನು ಬೆಳ್ತಂಗಡಿಯ ಗಡಾಯಿಕಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಆ ಒಂಟಿ ಬಂಡೆಯ ಮೆಟ್ಟಿಲುಗಳನ್ನು ನೋಡಿಯೇ ಉಳಿದ ಶಿಕ್ಷಕರೆಲ್ಲ ಕೆಳಗೆ ಬುತ್ತಿ ಕಾಯಲು ನಿಂತರು. ಮಕ್ಕಳ ಹಿಂದೆ ಹೋದ ನಾನು ತುದಿಯಲ್ಲಿ ನಿಂತಾಗ, ಇಷ್ಟು ವರ್ಷ ಇದನ್ನು ಬಿಟ್ಟು ಏನು ಮಾಡುತ್ತಿದ್ದೆ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಅಲ್ಲಿಂದ ಮೇಲೆ ಭಾನುವಾರಗಳೆಲ್ಲ ಅದೇ ಬಂಡೆಗೆ. ಮತ್ತೆ ಎರಡು ಬೇಸಿಗೆ ರಜೆಗಳಲ್ಲಿ ಉತ್ತರಕ್ಕೆ ಹೋಗಿ ಹಗ್ಗ, ಹಿಮಗೊಡಲಿ ಎಲ್ಲ ಹಿಡಿಯಲು ಕಲಿತು ಬಂದೆ. ಆ ವರ್ಷ ಒಂದು ತಂಡ ನನ್ನನ್ನು ಆರು ಸಾವಿರ ಮೀಟರಿನ ಹಿಮಶಿಖರಕ್ಕೆ ಸೇರಿಸಿಕೊಂಡಿತ್ತು. ಐವತ್ತು ದಾಟಿದವರನ್ನು ಅವರು ಸೇರಿಸಿಕೊಳ್ಳುವುದಿಲ್ಲ. ನನಗೆ ಜುಲೈಯಲ್ಲಿ ಐವತ್ತು ತುಂಬುತ್ತಿತ್ತು. ಆ ಮೇ ತಿಂಗಳು ತಪ್ಪಿದರೆ ಇನ್ನೊಂದು ಇರಲಿಲ್ಲ.

ತಂಡದ ನಾಯಕ ಕಳುಹಿಸಿದ ಪಟ್ಟಿಯಲ್ಲಿದ್ದ ಎಲ್ಲವನ್ನೂ ಹೊಂದಿಸಿಕೊಂಡೆ, ಒಂದನ್ನು ಬಿಟ್ಟು: ಮೈನಸ್ ಇಪ್ಪತ್ತು ಡಿಗ್ರಿ ತಡೆಯುವ ಡೌನ್ ಜಾಕೆಟ್. ಹೊರಡುವ ಹತ್ತು ದಿನ ಮೊದಲು ವಿಡಿಯೋ ಕಾಲ್‌ನಲ್ಲಿ ಅದನ್ನು ಹಾಕಿಕೊಂಡು ತೋರಿಸಬೇಕು. ಇಲ್ಲದಿದ್ದರೆ ಬೇಸ್ ಕ್ಯಾಂಪಿನಲ್ಲೇ ಕೂತು ಅಡಿಗೆಯವನಿಗೆ ಬಟಾಟೆ ಸುಲಿದು ಕೊಡಬೇಕು ಎಂದು ಅವನು ನಗುತ್ತಾ ಹೇಳಿದ. ನಾವು ಜೈನರು, ಬಟಾಟೆಯನ್ನೂ ತಿನ್ನುವುದಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲ.

ಡೌನ್ ಜಾಕೆಟ್ ಎಂದರೆ ಇಳಿಯುವಾಗ ಹಾಕುವಂಥದ್ದು, ಹತ್ತುವಾಗಿನದ್ದು ಬೇರೆ ಇರಬೇಕು ಎಂದೇ ನಾನು ತಿಳಿದಿದ್ದೆ. ಹಿಂದಿನ ಎರಡು ಸಲವೂ ತರಬೇತಿಯವರು ಕೊಟ್ಟದ್ದನ್ನು ಹಾಕಿಕೊಂಡಿದ್ದೆ, ಒಳಗೇನಿದೆ ಎಂದು ಕೇಳಿರಲಿಲ್ಲ. ಈ ಸಲ ನಾಯಕ ತಾಳ್ಮೆಯಿಂದ ವಿವರಿಸಿದ. ಬಾತುಕೋಳಿಯ ಎದೆಯ ನವಿರಾದ ಪುಕ್ಕವನ್ನು ಎರಡು ಬಟ್ಟೆಗಳ ನಡುವೆ ತುಂಬುತ್ತಾರೆ. ಅದು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಆ ಗಾಳಿಯೇ ಮೈಯನ್ನು ಬೆಚ್ಚಗಿಡುತ್ತದೆ. ಒದ್ದೆಯಾದರೆ ಮಾತ್ರ ಮುದ್ದೆಗಟ್ಟಿ ಕೆಲಸಕ್ಕೆ ಬಾರದು. ಇದಷ್ಟನ್ನೂ ಫೋನಿನ ಸ್ಪೀಕರ್ ಹಾಕಿಕೊಂಡು ಕೇಳಿದ್ದು ನನ್ನ ತಪ್ಪು. ಅಮ್ಮ ಪಕ್ಕದಲ್ಲೇ ಅಲಸಂಡೆ ಮುರಿಯುತ್ತಿದ್ದಳು.

ಗಾಳಿಯೇ ಬೆಚ್ಚಗಿಡುವುದಾದರೆ ಬರೀ ಗಾಳಿಯನ್ನೇ ತುಂಬಿಸಿ ಕೊಡಲಿ, ನಡುವೆ ಪುಕ್ಕ ಯಾಕೆ ಎಂದು ಅಮ್ಮ ಕೇಳಿದಳು. ಇಪ್ಪತ್ತಾರು ವರ್ಷ ಗಣಿತ ಕಲಿಸಿದ ನಾನು ಫೋನಿನ ಸ್ಪೀಕರ್ ಆರಿಸಿದೆ. ಅಮ್ಮ ಅಲಸಂಡೆಯನ್ನು ಬದಿಗಿಟ್ಟು ಮುಖ್ಯ ಪ್ರಶ್ನೆಗೆ ಬಂದಳು.

"ಆ ಪುಕ್ಕ ಕಿತ್ತದ್ದಾ, ಉದುರಿದ್ದಾ?"

ಈ ಪ್ರಶ್ನೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ನಮ್ಮ ಮುನಿಗಳ ಕೈಯಲ್ಲಿ ನವಿಲುಗರಿಯ ಪಿಂಛಿ ಇರುತ್ತದೆ. ಕೂರುವ ಮೊದಲು ಅದರಿಂದ ನೆಲವನ್ನು ಮೆಲ್ಲಗೆ ಸವರಿ ಇರುವೆಗಳನ್ನು ಸರಿಸುತ್ತಾರೆ. ಆ ಗರಿಗಳು ನವಿಲು ತಾನಾಗಿ ಉದುರಿಸಿದವು, ಯಾರೂ ಕಿತ್ತವಲ್ಲ, ಅದಕ್ಕೇ ದೋಷವಿಲ್ಲ. ಅಮ್ಮನ ಪ್ರಕಾರ ನವಿಲಿಗೆ ಇರುವ ಮರ್ಯಾದೆ ಬಾತುಕೋಳಿಗೂ ಇರಬೇಕು. ಉದುರಿದ ಪುಕ್ಕವಾದರೆ ಜಾಕೆಟ್ ಬರಲಿ. ಕಿತ್ತ ಪುಕ್ಕ ಈ ಹೊಸ್ತಿಲು ದಾಟಿದರೆ ಆ ದಿನದಿಂದ ತನಗೆ ಹಾಲು ತ್ಯಾಗ.

ಬೇರೆಯವರ ಮನೆಯಲ್ಲಿ ಅಮ್ಮಂದಿರು ಅಳುತ್ತಾರೆ, ಬೈಯುತ್ತಾರೆ, ಮಾತು ಬಿಡುತ್ತಾರೆ. ನನ್ನ ಅಮ್ಮ ತ್ಯಾಗ ಮಾಡುತ್ತಾಳೆ. ಅಪ್ಪ ಬೈಕು ಕೊಂಡಾಗ ಅವಳು ಹಲಸಿನ ಹಣ್ಣು ಬಿಟ್ಟಿದ್ದಳು. ಅಪ್ಪ ಹೆದರಿ ಬೈಕು ಮಾರಿದ ಮೇಲೂ ಮುಟ್ಟಲಿಲ್ಲ, ಅಷ್ಟರಲ್ಲಿ ರುಚಿ ಮರೆತುಹೋಯಿತು ಎಂದಳು. ಆದರೆ ಹಾಲು ಹಲಸಿನಂತಲ್ಲ. ಅಮ್ಮನಿಗೆ ಎಪ್ಪತ್ತಾರು ವರ್ಷ, ತೂಕ ನಲವತ್ತು ಕಿಲೋ. ಸೂರ್ಯ ಮುಳುಗಿದ ಮೇಲೆ ಏನೂ ತಿನ್ನುವುದಿಲ್ಲ, ಹಗಲಿನಲ್ಲಿ ತಿನ್ನುವುದೂ ಹಕ್ಕಿಯಷ್ಟೇ. ಅವಳು ನಡೆಯುವುದೇ ಮೂರು ಹೊತ್ತಿನ ಹಾಲು ಹಾಕಿದ ಕಾಫಿಯ ಮೇಲೆ. ಆ ಕಾಫಿ ನಿಂತರೆ ಅವಳೂ ನಿಲ್ಲುತ್ತಾಳೆ ಎಂಬುದು ನನ್ನ ನಿಜವಾದ ಭಯ. ಶಿಖರದ ಆಸೆಯೂ ಅಷ್ಟೇ ನಿಜ. ಎರಡರ ನಡುವೆ ಒಂದು ಬಾತುಕೋಳಿ ಕೂತಿತ್ತು.

ಜಾಕೆಟ್ ಮಾರುವ ಕಂಪನಿಯೊಂದಕ್ಕೆ ಫೋನ್ ಮಾಡಿ ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಬಾತುಕೋಳಿಯ ಪುಕ್ಕ ತಾನಾಗಿ ಬಿದ್ದದ್ದೋ, ಯಾರಾದರೂ ಕಿತ್ತದ್ದೋ? ಆ ಕಡೆಯ ಹುಡುಗಿ, ಪುಕ್ಕ ಬೀಳುತ್ತಿದ್ದರೆ ಅದು ಹೊಲಿಗೆಯ ದೋಷ, ಏಳು ದಿನದೊಳಗೆ ಬದಲಿಸಿ ಕೊಡುತ್ತೇವೆ ಎಂದಳು. ಜಾಕೆಟಿನಿಂದ ಬೀಳುವುದಲ್ಲ, ಬಾತುಕೋಳಿಯಿಂದ ಬೀಳುವುದು ಎಂದೆ. ಅವಳು ಸಂಗೀತ ಹಾಕಿ ಮಾಯವಾದಳು. ಹನ್ನೊಂದು ನಿಮಿಷದ ನಂತರ ಒಬ್ಬ ಗಂಡಸು ಬಂದು, ಮೇಡಂ, ನಾವು ಬಾತುಕೋಳಿ ಮಾರುವುದಿಲ್ಲ ಎಂದ.

ಹಾಗಾಗಿ ಪುಕ್ಕದ ಸಹವಾಸವೇ ಬೇಡವೆಂದು ಪಾಲಿಯೆಸ್ಟರ್ ನಾರು ತುಂಬಿದ ಕಿತ್ತಳೆ ಬಣ್ಣದ ಜಾಕೆಟ್ ತರಿಸಿದೆ. ಮೈನಸ್ ಇಪ್ಪತ್ತು ಎಂದು ಬರೆದಿತ್ತು. ಬರೆದದ್ದನ್ನೆಲ್ಲ ನಂಬಿದರೆ ಉತ್ತರಪತ್ರಿಕೆಗಳಲ್ಲೂ ಎಲ್ಲರಿಗೂ ನೂರಕ್ಕೆ ನೂರು ಕೊಡಬೇಕಾಗುತ್ತದೆ. ಪರೀಕ್ಷೆ ಮಾಡಬೇಕು. ಆದರೆ ನಮ್ಮ ಕಡೆ ಮೈನಸ್ ಇಪ್ಪತ್ತನ್ನು ಎಲ್ಲಿಂದ ತರುವುದು? ಆಗ ನೆನಪಾದವರು ಬಂಟ್ವಾಳದ ಕಾಕ.

ಕಾಕನ ಮಗಳು ನನ್ನ ಹತ್ತಿರ ಗಣಿತ ಕಲಿತವಳು. ಅವರು ಬಂಟ್ವಾಳದ ಹಳೆಯ ಬ್ಯಾರಿ ಮುಸ್ಲಿಂ ಮನೆತನದವರು, ಊರಿಗೆಲ್ಲ ಕಾಕ, ಸುತ್ತಲಿನ ಊರಿಗೆಲ್ಲ ಐಸ್‌ಕ್ರೀಮ್ ಸಗಟಾಗಿ ಕೊಡುತ್ತಾರೆ. ಪೇಟೆಯ ಹಿಂದೆ ಅವರಿಗೊಂದು ಗೋದಾಮು, ಗೋದಾಮಿನೊಳಗೆ ಮೈನಸ್ ಇಪ್ಪತ್ತರ ಒಂದು ಹಿಮದ ಕೋಣೆ ಉಂಟು. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಅವರು ಗಲ್ಫಿನಲ್ಲಿದ್ದರು. ಹೊರಗೆ ಐವತ್ತು ಡಿಗ್ರಿ ಬಿಸಿಲಿರುವ ಊರಿನಲ್ಲಿ ಅವರ ಕೆಲಸ ಮಾತ್ರ ಕೋಲ್ಡ್ ಸ್ಟೋರೇಜಿನ ಒಳಗೆ. ಮರಳುಗಾಡಿಗೆ ಹೋಗಿ ಬೆವರದೆ ಬಂದವನು ಈ ತಾಲೂಕಿನಲ್ಲಿ ನಾನೊಬ್ಬನೇ ಎಂದು ಅವರು ಹೇಳಿಕೊಳ್ಳುತ್ತಾರೆ. ಚಳಿಯ ವಿಷಯದಲ್ಲಿ ಅವರಿಗಿಂತ ದೊಡ್ಡ ಪಂಡಿತರು ನನಗೆ ಗೊತ್ತಿರಲಿಲ್ಲ.

ನನ್ನ ಬೇಡಿಕೆ ಕೇಳಿ ಅವರು ನಗಲಿಲ್ಲ. ಕಿತ್ತಳೆ ಜಾಕೆಟನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ ತಲೆಯಾಡಿಸಿದರು, ಆದರೂ ಪರೀಕ್ಷೆ ಪರೀಕ್ಷೆಯೇ ಎಂದರು. ನಿಯಮಗಳನ್ನೂ ಹಾಕಿದರು. ಇಪ್ಪತ್ತು ನಿಮಿಷ. ಅವರು ಹೊರಗೆ ವಾಚು ಹಿಡಿದು ಐದು ನಿಮಿಷಕ್ಕೊಮ್ಮೆ ಬಾಗಿಲು ಬಡಿಯುತ್ತಾರೆ, ನಾನು ಒಳಗಿನಿಂದ ಎರಡು ಸಲ ಬಡಿಯಬೇಕು. ಸುಮ್ಮನೆ ಕೂತು ಸಮಯ ಹಾಳುಮಾಡುವುದು ಯಾಕೆಂದು ನಾನು ಒಂಬತ್ತನೆಯ ತರಗತಿಯ ಉತ್ತರಪತ್ರಿಕೆಗಳನ್ನೂ ಕೆಂಪು ಪೆನ್ನನ್ನೂ ಒಯ್ದಿದ್ದೆ. ಜಾಕೆಟಿನ ಟೊಪ್ಪಿಗೆ ಬೆಟ್ಟ ಹತ್ತುವ ಹೆಲ್ಮೆಟಿನ ಮೇಲೆ ಬರುತ್ತದೆಯೇ ಎಂದೂ ನೋಡಬೇಕಿತ್ತು, ಅದಕ್ಕೆ ಹೆಲ್ಮೆಟನ್ನೂ ಹಾಕಿಕೊಂಡು ಪಿಸ್ತಾ ಐಸ್‌ಕ್ರೀಮಿನ ಪೆಟ್ಟಿಗೆಗಳ ಮೇಲೆ ಕೂತೆ.

ಹತ್ತು ನಿಮಿಷದವರೆಗೆ ಶಿಸ್ತಿನಲ್ಲಿ ತಿದ್ದಿದೆ. ಆಮೇಲೆ ಪೆನ್ನಿನ ಶಾಯಿ ಗಟ್ಟಿಯಾಯಿತು, ಪೆನ್ಸಿಲಿನಲ್ಲಿ ಮುಂದುವರಿಸಿದೆ. ಹನ್ನೆರಡನೆಯ ನಿಮಿಷಕ್ಕೆ ತ್ರಿಕೋನದ ಮೂರು ಕೋನಗಳ ಮೊತ್ತ ಮುನ್ನೂರ ಅರವತ್ತು ಎಂದು ಬರೆದವನಿಗೆ ಪೂರ್ತಿ ಅಂಕ ಕೊಟ್ಟೆ. ಆ ಹೊತ್ತಿಗೆ ಬಾಗಿಲು ತೆರೆಯಿತು. ಮದುವೆಗೆ ಐಸ್‌ಕ್ರೀಮ್ ಒಯ್ಯಲು ಬಂದ ಅಡಿಗೆ ಗುತ್ತಿಗೆದಾರರು ಎದುರಿಗೆ ನಿಂತಿದ್ದರು. ಹೆಲ್ಮೆಟ್ ಹಾಕಿಕೊಂಡು, ನಡುಗುತ್ತಾ, ಮಂಜಿನ ನಡುವೆ ಕೂತು ಪೇಪರ್ ತಿದ್ದುತ್ತಿದ್ದ ಹೆಂಗಸನ್ನು ನೋಡಿ ಅವರು ಎರಡು ಹೆಜ್ಜೆ ಹಿಂದೆ ಸರಿದರು. ನಾನು ನಮಸ್ಕಾರ ಹೇಳಿ, ಪಿಸ್ತಾ ಬೇಕಾದರೆ ಏಳುತ್ತೇನೆ ಎಂದೆ. ವೆನಿಲ್ಲಾ ಸಾಕು ಎಂದರು. ಕಿತ್ತಳೆ ಜಾಕೆಟ್ ಅಂದೇ ಫೇಲಾಯಿತು, ಆ ಪೇಪರುಗಳನ್ನು ಮನೆಯಲ್ಲಿ ಮತ್ತೊಮ್ಮೆ ತಿದ್ದಿದೆ.

ಕಾಕ ನನಗೆ ಬಿಸಿ ಸುಲೈಮಾನಿ ಚಹಾ ಕುಡಿಸಿದರು. ಆಮೇಲೆ ಮನೆಗೆ ಹೋಗಿ ಒಂದು ಕಪ್ಪು ಜಾಕೆಟ್ ತಂದರು. ಗಲ್ಫಿನಲ್ಲಿ ಅವರ ಮೇಲಧಿಕಾರಿಯಾಗಿದ್ದ ಒಬ್ಬ ಬಿಳಿಯ ತನ್ನ ಊರಿಗೆ ಮರಳುವಾಗ ಪ್ರೀತಿಯಿಂದ ಕೊಟ್ಟು ಹೋದದ್ದಂತೆ. ಮೈನಸ್ ಇಪ್ಪತ್ತೈದರಲ್ಲಿ ಅದನ್ನು ಹಾಕಿ ಮಧ್ಯಾಹ್ನದ ನಿದ್ದೆ ಮಾಡಿದ್ದೇನೆ ಎಂದರು. ಉತ್ಪ್ರೇಕ್ಷೆ ಎಂದುಕೊಂಡೆ. ಅದನ್ನು ಹಾಕಿಕೊಂಡು ಮತ್ತೆ ಒಳಗೆ ಹೋಗಿ ಕೂತೆ. ಹದಿನೈದನೆಯ ನಿಮಿಷದಲ್ಲಿ ಅವರು ಬಾಗಿಲು ಬಡಿದಾಗ ನನ್ನಿಂದ ಉತ್ತರ ಬರಲಿಲ್ಲ. ಗಾಬರಿಯಾಗಿ ಬಾಗಿಲು ತೆರೆದರೆ ನಾನು ಪಿಸ್ತಾದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದೆ.

ಆ ಜಾಕೆಟನ್ನು ಕೈಯಲ್ಲಿ ಹಿಡಿದಾಗ ಅದಕ್ಕೆ ತೂಕವೇ ಇರಲಿಲ್ಲ. ಮುದುರಿದರೆ ಚೀಲದ ಮೂಲೆಗೆ ಸೇರುತ್ತಿತ್ತು, ಬಿಟ್ಟರೆ ಪೂರಿಯಂತೆ ಉಬ್ಬುತ್ತಿತ್ತು. ಇಷ್ಟು ಹಗುರವಾಗಿ ಉಬ್ಬುವಂಥದ್ದು ಏನಿರಬಹುದೆಂದು ನನ್ನ ಬುದ್ಧಿಗೆ ಹೊಳೆಯಬೇಕಿತ್ತು. ಹೊಳೆಯಿತೋ ಏನೋ, ನಾನು ಆ ಕಡೆ ನೋಡಲಿಲ್ಲ.

ಅಮ್ಮ ಮಾತ್ರ ನೋಡದೆ ಬಿಡುವವಳಲ್ಲ. ಮರುದಿನ ಬಿಳಿ ಸೀರೆ ಉಟ್ಟು, ಸಿದ್ದಕಟ್ಟೆಯ ಮೇಲೆ ಹೋಗುವ ಬಸ್ಸು ಹಿಡಿದು, ನನ್ನ ಜೊತೆ ಕಾಕನ ಗೋದಾಮಿಗೆ ಬಂದಳು. ಕಾಕ ಕುರ್ಚಿಯನ್ನು ಒರೆಸಿ ಕೂರಿಸಿದರು. ಕುಡಿಯಲು ಏನೂ ಬೇಡವೆಂದು ಅಮ್ಮ ಹೇಳುವ ಮೊದಲೇ, ನೀವು ಸೋಸಿದ ನೀರೇ ಕುಡಿಯುವುದೆಂದು ನನಗೆ ಗೊತ್ತುಂಟು ಅಮ್ಮ, ಬಟ್ಟೆ ಕಟ್ಟಿ ಸೋಸಿ ಇಟ್ಟಿದ್ದೇನೆ ಎಂದರು. ಅಮ್ಮ ಅರ್ಧ ಅಲ್ಲಿಯೇ ಸೋತಿದ್ದಳು. ಉಳಿದರ್ಧ ಇಟ್ಟುಕೊಂಡು ತನ್ನ ಪ್ರಶ್ನೆ ಕೇಳಿದಳು: ಇದರೊಳಗೆ ಎಂತ ಉಂಟು?

ಜಾಕೆಟಿನ ಒಳಗೆ ಒಂದು ಚಿಕ್ಕ ಪಟ್ಟಿ ಹೊಲಿದಿತ್ತು. ಇಂಗ್ಲಿಷ್ ಇದ್ದ ಕಡೆ ತೊಳೆದೂ ತೊಳೆದೂ ಅಳಿಸಿಹೋಗಿ ಅರಬ್ಬಿ ಮಾತ್ರ ಉಳಿದಿತ್ತು. ಕಾಕ ಕನ್ನಡಕ ಹಾಕಿ, ಗಂಟಲು ಸರಿಮಾಡಿ, ಅದನ್ನು ಓದಿದರು. ಮದರಸದಲ್ಲಿ ಕಲಿತ ಓದು, ಒಂದೊಂದು ಅಕ್ಷರವೂ ಅದರದರ ಜಾಗದಿಂದ ಬರುತ್ತಿತ್ತು. "ಝಗಬ್, ಎಂಬತ್ತು. ರೀಶ್, ಇಪ್ಪತ್ತು."

"ಹಾಗೆಂದರೆ ಎಂತ?" ಎಂದಳು ಅಮ್ಮ.

ಕಾಕ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಓದಲಿಕ್ಕೆ ಬರ್ತದೆ ಅಮ್ಮ, ಅರ್ಥ ಅಷ್ಟು ಬರುವುದಿಲ್ಲ. ಅಲ್ಲಿ ನಾವು ಮಾತಾಡಿದ್ದೆಲ್ಲ ಮಲಯಾಳ, ಹಿಂದಿ. ಝಗಬ್ ಅಂದರೆ ಅಲ್ಲಿಯ ಒಂದು ನಮೂನೆಯ ಹತ್ತಿ ಇರಬೇಕು."

ಆ 'ಇರಬೇಕು' ನನಗೆ ಸ್ಪಷ್ಟವಾಗಿ ಕೇಳಿಸಿತು. ಅಮ್ಮನಿಗೆ ಕೇಳಿಸಿದ್ದು 'ಹತ್ತಿ' ಮಾತ್ರ. ಮನೆಗೆ ಬರುವ ಬಸ್ಸಿನಲ್ಲಿ ಅವಳು, ಅಷ್ಟು ಶುದ್ಧವಾಗಿ ಓದುವವರು ಸುಳ್ಳು ಹೇಳುವುದಿಲ್ಲ ಎಂದು ತೀರ್ಪು ಕೊಟ್ಟಳು. ತಾನೂ ದಿನಾ ಬೆಳಿಗ್ಗೆ ಹೇಳುವ ಪ್ರಾಕೃತದ ಎಲ್ಲ ಮಾತಿಗೂ ಅರ್ಥ ಕೇಳಿದರೆ ಹೇಳಲಾರೆ, ಹಾಗೆಂದು ಅದು ಸುಳ್ಳಾ ಎಂದಳು. ನಾನು ಕಿಟಕಿಯ ಹೊರಗೆ ನೋಡಿದೆ. ಫೋನಿನಲ್ಲಿ ಆ ಎರಡು ಪದಗಳನ್ನು ಹುಡುಕಲು ಅರ್ಧ ನಿಮಿಷ ಸಾಕಿತ್ತು. ಹುಡುಕಲಿಲ್ಲ. ಇದನ್ನು ನಾನು ಈಗಲಾದರೂ ಒಪ್ಪಿಕೊಳ್ಳಬೇಕು.

ಹತ್ತುವಾಗ ಕೈ ಎತ್ತಲು ಬರುತ್ತದೆಯೇ, ಸೊಂಟಕ್ಕೆ ಹಗ್ಗದ ಪಟ್ಟಿ ಕಟ್ಟಿದರೆ ಮೇಲಕ್ಕೆ ಸರಿಯುತ್ತದೆಯೇ ಎಂದು ನೋಡುವುದು ಬಾಕಿ ಇತ್ತು. ಆ ಭಾನುವಾರ ಅದನ್ನು ಗಡಾಯಿಕಲ್ಲಿಗೆ ಒಯ್ದು ಕೊನೆಯ ಐವತ್ತು ಮೆಟ್ಟಿಲು ಹಾಕಿಕೊಂಡು ಹತ್ತಿದೆ. ಆ ಬಿಳಿಯನ ಅಳತೆಯ ಜಾಕೆಟ್ ನನಗೆ ಮೊಣಕಾಲಿನವರೆಗೆ ಬರುತ್ತಿತ್ತು, ಆದರೆ ಒಳಗೆ ಇನ್ನೆರಡು ಸ್ವೆಟರ್ ಹಿಡಿಸುವಷ್ಟು ಜಾಗ ಸಿಕ್ಕಿದ್ದೇ ಲಾಭ. ತುದಿ ಮುಟ್ಟಿದಾಗ ಮೈಯೆಲ್ಲ ಬೆವರಿ ಜಿಪ್ಪು ಸಿಕ್ಕಿಹಾಕಿಕೊಂಡಿತು. ಎಷ್ಟು ಎಳೆದರೂ ಬಾರದೆ ಹಾಗೆಯೇ ಇಳಿದು ಬೆಳ್ತಂಗಡಿಯಿಂದ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನನ್ನು ನೋಡಿ ಚಳಿಜ್ವರವಾ ಎಂದು ಮೆಲ್ಲಗೆ ಕೇಳಿದ. ಇಲ್ಲವೆಂದೆ. ನಂಬಲಿಲ್ಲ, ಕಿಟಕಿಯ ಬದಿಯ ಸೀಟು ಖಾಲಿ ಮಾಡಿಸಿದ. ನನ್ನ ಪಕ್ಕದವರೂ ಹಿಂದಿನವರೂ ತಾವಾಗಿ ಎದ್ದು ಬೇರೆ ಕಡೆ ಹೋದರು. ಗುರುವಾಯನಕೆರೆ ಬರುವಷ್ಟರಲ್ಲಿ ಬಸ್ಸಿನ ಕಾಲುಭಾಗ ನನ್ನದಾಗಿತ್ತು.

ವಿಡಿಯೋ ಕಾಲ್‌ನಲ್ಲಿ ನಾಯಕ ಜಾಕೆಟ್ ನೋಡಿ, ಉತ್ತಮ ಡೌನ್ ಎಂದ. ಅಮ್ಮ ಬಾವಿಕಟ್ಟೆಯಲ್ಲಿದ್ದಳು. ಆಗ ಸ್ಪೀಕರ್ ಹಾಕಿರಲಿಲ್ಲ.

ಮೇ ತಿಂಗಳ ನಡುವೆ ನಾನು ಕೊನೆಯ ಶಿಬಿರದಲ್ಲಿದ್ದೆ. ಮಧ್ಯಾಹ್ನದ ಹೊತ್ತಿಗೇ ನೀರಿನ ಬಾಟಲಿ ಹೆಪ್ಪುಗಟ್ಟಿತ್ತು. ನನ್ನ ಡೇರೆಯ ಜೊತೆಗಾತಿ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ವರ್ಷ ನರ್ಸ್ ಆಗಿದ್ದವಳು. ಜಾಕೆಟಿನ ಒಳಗಿನ ಪಟ್ಟಿಯ ಮೇಲೆ ಅವಳ ಕಣ್ಣು ಬಿತ್ತು. ಕೇಳದೆಯೇ ಓದಿ, ಕೇಳದೆಯೇ ಅರ್ಥ ಹೇಳಿದಳು: ಎಂಬತ್ತು ಭಾಗ ನವಿರು ಪುಕ್ಕ, ಇಪ್ಪತ್ತು ಭಾಗ ಗರಿ. ಒಳ್ಳೆಯ ಮಾಲು ಎಂದು ಮೆಚ್ಚಿಕೊಂಡಳು.

ನಾನು ಅದನ್ನು ಕಳಚಿದೆ. ನಾಲ್ಕು ನಿಮಿಷ ಕಳಚಿ ಕೂತಿದ್ದೆ. ಹಲ್ಲುಗಳು ಕಟಕಟ ಹೊಡೆದುಕೊಂಡವು, ಬೆರಳು ನೀಲಿಯಾಯಿತು, ಜೊತೆಗಾತಿ ನನಗೆ ಎತ್ತರದ ಕಾಯಿಲೆ ಹಿಡಿದಿದೆ ಎಂದು ನಾಡಿ ನೋಡತೊಡಗಿದಳು. ಐದನೆಯ ನಿಮಿಷಕ್ಕೆ ಮತ್ತೆ ಹಾಕಿಕೊಂಡೆ. ಸಾಯುವಷ್ಟು ಧರ್ಮ ನನ್ನಲ್ಲಿರಲಿಲ್ಲ. ಮರುದಿನ ಬೆಳಗಿನ ಎಂಟಕ್ಕೆ ಶಿಖರದ ಮೇಲೆ ನಿಂತಾಗ ಸುತ್ತಲೂ ಬಿಳಿ ಬಿಟ್ಟರೆ ಬೇರೇನೂ ಇರಲಿಲ್ಲ. ಸಂತೋಷದಲ್ಲಿ ಅತ್ತೆ. ಅಷ್ಟೂ ಬಿಳಿಯನ್ನು ನೋಡುತ್ತಾ ನನಗೆ ನೆನಪಾದದ್ದು ಅಮ್ಮನ ಹಾಲಿನ ಪಾತ್ರೆ. ಇಳಿಯುವಾಗ ಒಂದು ನಿಶ್ಚಯ ಮಾಡಿದೆ: ಹೇಳುವುದಿಲ್ಲ. ಊರಿಗೆ ಹೋದ ದಿನವೇ ಜಾಕೆಟನ್ನು ಕಾಕನಿಗೆ ಮುಟ್ಟಿಸಿ ಬಾಯಿ ಮುಚ್ಚಿಕೊಂಡಿರುವುದು.

ಆದರೆ ಎರವಲು ತಂದದ್ದನ್ನು ಹಾಗೆಯೇ ಕೊಡುವ ಕ್ರಮ ನಮ್ಮ ಮನೆಯಲ್ಲಿಲ್ಲ. ನಾನು ಬಂದ ಮರುದಿನ ಬೆಳಿಗ್ಗೆ ಅಮ್ಮ ಚೀಲದಿಂದ ಜಾಕೆಟ್ ಹೊರಗೆ ತೆಗೆದು ಅಂಗಳದ ಹಗ್ಗಕ್ಕೆ ಬಿಸಿಲಿಗೆ ಹಾಕಿದಳು. ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ. ಚಾವಡಿಯಲ್ಲಿ ಕೂತು ಪೇಪರ್ ಓದುವಂತೆ ನಟಿಸುತ್ತಾ ನೋಡುತ್ತಿದ್ದೆ. ಅಮ್ಮ ಅದರ ಎದುರು ಸ್ಟೂಲು ಹಾಕಿ ಕಾಗೆ ಕಾಯುವವಳಂತೆ ಕೂತಿದ್ದಳು. ಹಿಮಗೊಡಲಿ ತಾಗಿ ಭುಜದ ಹೊಲಿಗೆ ಒಂದು ಕಡೆ ಸಡಿಲವಾಗಿತ್ತು, ಅದನ್ನು ನಾನು ಗಮನಿಸಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಒಳಗೆ ಬಂದಳು. ಅಂಗೈಯನ್ನು ಬೋಗುಣಿ ಮಾಡಿ ಹಿಡಿದಿದ್ದಳು. ಅದರಲ್ಲಿ ಉಗುರಿನಷ್ಟು ದೊಡ್ಡ ಬಿಳಿಯ ಪುಕ್ಕವಿತ್ತು. ಫ್ಯಾನಿನ ಗಾಳಿಗೆ ಹಾರದಂತೆ ಇನ್ನೊಂದು ಕೈಯನ್ನು ಅಡ್ಡ ಹಿಡಿದಿದ್ದಳು. ಗೊತ್ತಿತ್ತು ಎಂದು ಹೇಳಬೇಕೋ, ಗೊತ್ತಿರಲಿಲ್ಲ ಎನ್ನಬೇಕೋ ತೋಚದೆ, ಶಿಬಿರದಲ್ಲಿ ನಾಲ್ಕು ನಿಮಿಷ ಕಳಚಿದ್ದೆ ಎಂದು ತೊದಲಿದೆ.

ಅಮ್ಮ ನನ್ನ ಕೈ ಬೆರಳುಗಳನ್ನು ನೋಡಿದಳು. ಅವುಗಳ ತುದಿಯಲ್ಲಿ ಚರ್ಮ ಇನ್ನೂ ಸುಲಿಯುತ್ತಿತ್ತು. ಆಮೇಲೆ ಪುಕ್ಕವನ್ನು ನೋಡಿದಳು.

"ನಾನು ನೋಡ್ತಾ ಇದ್ದೆ," ಎಂದಳು. "ಯಾರೂ ಕೀಳಲಿಲ್ಲ. ತಾನಾಗಿಯೇ ಉದುರಿತು."

ಅಮ್ಮ ಅಂಗಳಕ್ಕೆ ಹೋಗಿ ಕೈ ಬಿಚ್ಚಿದಳು, ಪುಕ್ಕ ಪಾಗಾರದ ಗೋಡೆ ದಾಟಿ ಹೋಯಿತು. ಸೂಜಿ ದಾರ ತಂದು ಭುಜದ ಹೊಲಿಗೆಯನ್ನು ಸಣ್ಣಗೆ ಮುಚ್ಚಿದಳು. ಕಾಕನಿಗೆ ಹೇಳುವುದು ಬೇಡ, ಪಾಪ, ಬೇಜಾರು ಮಾಡಿಕೊಂಡಾರು ಎಂದಳು. ಆಮೇಲೆ ಅಡಿಗೆಮನೆಗೆ ಹೋಗಿ ಎರಡು ಲೋಟ ಕಾಫಿ ಮಾಡಿ ತಂದು ನನ್ನ ಪಕ್ಕ ಕೂತಳು. ಎರಡಕ್ಕೂ ಹಾಲು ಹಾಕಿದ್ದಳು.